ಪರಮವೀರ ಚಕ್ರ ಸಿಗಬೇಕಂದ್ರೆ ಸಾಯಲೇಬೇಕಾ?

ಪ್ರಶ್ನೆ: ನನ್ನ ಮಗ ಪಿಯುಸಿ ಓದುತ್ತಿದ್ದಾನೆ. ಎನ್‌ಡಿಎ ಪರೀಕ್ಷೆ ಬರೆಯಬೇಕು ಅಂತ ಹಟ. ಮೊನ್ನೆ ಊಟಕ್ಕೆ ಕೂತಾಗ, "ಅಮ್ಮಾ, ಪರಮವೀರ ಚಕ್ರ ಸಿಗಬೇಕಂದ್ರೆ ಸಾಯಲೇಬೇಕಾ?" ಅಂತ ಕೇಳಿದ. ನನಗೆ ತುತ್ತು ಇಳಿಯಲಿಲ್ಲ. ಈ ಪ್ರಶಸ್ತಿ ಹೇಗೆ ಶುರುವಾಯಿತು, ಯಾರು ನಿರ್ಧರಿಸುತ್ತಾರೆ, ಅಶೋಕ ಚಕ್ರಕ್ಕೂ ಇದಕ್ಕೂ ಏನು ವ್ಯತ್ಯಾಸ, ಹಣ ಎಷ್ಟು ಕೊಡುತ್ತಾರೆ? ನಮ್ಮ ಕರ್ನಾಟಕದವರು ಯಾರಿಗಾದರೂ ಸಿಕ್ಕಿದೆಯಾ? ಸ್ವಲ್ಪ ವಿವರವಾಗಿ ತಿಳಿಸಿ. – ಓದುಗರೊಬ್ಬರು, ಶಿರಸಿ

ಉತ್ತರ: ಸಾಯಬೇಕಾಗಿಲ್ಲ ತಾಯಿ. ಮೊದಲು ಇಷ್ಟನ್ನು ಮಗನಿಗೆ ಹೇಳಿಬಿಡಿ. ಉಳಿದದ್ದನ್ನು ನಿಧಾನಕ್ಕೆ ಓದಿ.

ಈವರೆಗೆ ಪರಮವೀರ ಚಕ್ರ ಸಿಕ್ಕಿರುವುದು 21 ಜನರಿಗೆ. ಅದರಲ್ಲಿ 14 ಮಂದಿಗೆ ಮರಣೋತ್ತರವಾಗಿ. ಉಳಿದ 7 ಮಂದಿ ಬದುಕಿದ್ದು ಪಡೆದವರು. ಮೂವರಲ್ಲಿ ಇಬ್ಬರು ವಾಪಸ್ ಬಂದಿಲ್ಲ ಅಂದಮೇಲೆ ಹುಡುಗನಿಗೆ ಹಾಗೆ ಅನ್ನಿಸಿದ್ದು ತಪ್ಪೇನಲ್ಲ. ಆದರೆ ನಿಯಮದಲ್ಲಿ ಸಾಯಬೇಕು ಅಂತ ಎಲ್ಲೂ ಇಲ್ಲ. ಮರಣೋತ್ತರವಾಗಿಯೂ ಕೊಡಬಹುದು ಅಂತ ಇದೆ, ಅಷ್ಟೇ. ನಿಯಮ ಕೇಳುವುದು ಬೇರೆ. ಶತ್ರುವಿನ ಎದುರು, ನೆಲದ ಮೇಲಾಗಲಿ, ಸಮುದ್ರದಲ್ಲಾಗಲಿ, ಆಕಾಶದಲ್ಲಾಗಲಿ, ಎಲ್ಲಕ್ಕಿಂತ ಎದ್ದು ಕಾಣುವ ಧೈರ್ಯ ತೋರಿರಬೇಕು. ಇಲ್ಲವೇ ಅಂಥದ್ದೇ ಸಾಹಸದ ಅಥವಾ ಆತ್ಮತ್ಯಾಗದ ಒಂದು ಕೆಲಸ ಮಾಡಿರಬೇಕು. "ಒಂದು ಕೆಲಸ" ಅನ್ನುವುದನ್ನು ಗಮನಿಸಿ. ಇಪ್ಪತ್ತು ವರ್ಷದ ಒಳ್ಳೆಯ ಸರ್ವಿಸ್‌ಗೆ ಇದು ಸಿಗುವುದಿಲ್ಲ. ಒಂದು ಹೊತ್ತಿನಲ್ಲಿ, ಒಂದು ಜಾಗದಲ್ಲಿ ಆತ ಏನು ಮಾಡಿದ ಅನ್ನುವುದಕ್ಕೆ ಸಿಗುತ್ತದೆ. ಮಾಡಿದವನು ಬದುಕಿದನೋ ಇಲ್ಲವೋ ಅನ್ನುವುದು ಆಮೇಲಿನ ಮಾತು.

ಇದನ್ನು ಅರ್ಥ ಮಾಡಿಕೊಳ್ಳಲು ನೀವು ಕಾಶ್ಮೀರ, ಲಡಾಖ್ ಅಂತ ದೂರ ಹುಡುಕಬೇಕಾಗಿಲ್ಲ. ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ಬದುಕಿದ್ದು ಪರಮವೀರ ಚಕ್ರ ಪಡೆದ ಮೊದಲಿಗರು ನಿಮ್ಮ ಉತ್ತರ ಕನ್ನಡ ಜಿಲ್ಲೆಯವರೇ. ಸೆಕೆಂಡ್ ಲೆಫ್ಟಿನೆಂಟ್ ರಾಮ ರಾಘೋಬ ರಾಣೆ. ಮನೆತನದ ಊರು ಕಾರವಾರದ ಹತ್ತಿರದ ಚೆಂಡಿಯಾ. ತಂದೆ ಪೊಲೀಸ್ ಕಾನ್‌ಸ್ಟೇಬಲ್. ರಾಣೆ 1940ರಲ್ಲಿ ಬಾಂಬೆ ಎಂಜಿನಿಯರ್ಸ್‌ಗೆ ಸಾಮಾನ್ಯ ಸಿಪಾಯಿಯಾಗಿ ಸೇರಿದವರು. ಎರಡನೇ ಮಹಾಯುದ್ಧದಲ್ಲಿ ಬರ್ಮಾದಲ್ಲಿದ್ದರು. ಆಮೇಲೆ ಅಧಿಕಾರಿಯಾದರು.

ಅವರ ಕೆಲಸ ಏನು ಗೊತ್ತಾ? ರಸ್ತೆ ಬಿಡಿಸುವುದು. ರಾಣೆ ಸ್ಯಾಪರ್, ಅಂದರೆ ಸೇನೆಯ ಎಂಜಿನಿಯರ್ ದಳದವರು. ಸೇತುವೆ ಕಟ್ಟುವುದು, ದಾರಿ ಮಾಡುವುದು, ನೆಲದಲ್ಲಿ ಹೂತಿಟ್ಟ ಮೈನ್ ಕೀಳುವುದು ಇವರ ಕೆಲಸ. ಪಾಕಿಸ್ತಾನದ ಜೊತೆ ಕಾಶ್ಮೀರದ ಯುದ್ಧ ನಡೆಯುತ್ತಿತ್ತು. 1948ರ ಏಪ್ರಿಲ್‌ನಲ್ಲಿ ನಮ್ಮ ಸೇನೆ ಜಮ್ಮು ಕಡೆಯ ನೌಶೇರಾದಿಂದ ರಜೌರಿಗೆ ಹೊರಟಿತ್ತು. ರಜೌರಿಯಲ್ಲಿ ಜನ ಸಾಯುತ್ತಿದ್ದರು, ಬೇಗ ತಲುಪಬೇಕಿತ್ತು. ಟ್ಯಾಂಕ್ ಇದ್ದವು. ಆದರೆ ಗುಡ್ಡದ ದಾರಿಯುದ್ದಕ್ಕೂ ಶತ್ರುಗಳು ಮೈನ್ ಹೂತಿದ್ದರು, ಮರ ಕಡಿದು ಅಡ್ಡ ಹಾಕಿದ್ದರು, ಮೋರಿಗಳನ್ನು ಒಡೆದಿದ್ದರು.

ಏಪ್ರಿಲ್ 8, ಬೆಳಗ್ಗೆ 11 ಗಂಟೆ. ರಾಣೆ ತಮ್ಮ ತಂಡದ ಜೊತೆ ಟ್ಯಾಂಕ್‌ಗಳ ಪಕ್ಕ ಕೆಲಸ ಶುರು ಮಾಡಲು ಕಾಯುತ್ತಿದ್ದರು. ಮಾರ್ಟರ್ ಶೆಲ್ ಬೀಳತೊಡಗಿದವು. ಅಲ್ಲೇ ಇಬ್ಬರು ಸತ್ತರು. ಐವರಿಗೆ ಗಾಯ, ಅದರಲ್ಲಿ ರಾಣೆಯೂ ಒಬ್ಬರು. ಉಳಿದವರನ್ನು ಸೇರಿಸಿಕೊಂಡು ಮತ್ತೆ ಕೆಲಸಕ್ಕೆ ಇಳಿದರು. ಸಂಜೆ ಬರ್ವಾಲಿ ಗುಡ್ಡದ ಸಾಲು ಕೈಗೆ ಬಂತು. ಸುತ್ತ ಇನ್ನೂ ಶತ್ರುಗಳಿದ್ದಾರೆ ಅಂತ ಗೊತ್ತಿದ್ದೂ ರಾಣೆ ಮುಂದೆ ಹೋಗಿ ಟ್ಯಾಂಕ್‌ಗಳಿಗೆ ಬಳಸುದಾರಿ ಕಡಿಯಲು ಶುರು ಮಾಡಿದರು. ರಾತ್ರಿ 10ರ ತನಕ, ಮೆಷಿನ್ ಗನ್ ಗುಂಡಿನ ಮಧ್ಯೆ. ಮರುದಿನ ಬೆಳಗ್ಗೆ 6ಕ್ಕೆ ಮತ್ತೆ ಹಾಜರ್. ಮಧ್ಯಾಹ್ನ 3ಕ್ಕೆ ಬಳಸುದಾರಿ ಮುಗಿಯಿತು. ಅರ್ಧ ಮೈಲಿ ಮುಂದೆ ಪೈನ್ ಮರಗಳ ಅಡ್ಡಗಟ್ಟೆ. ಸ್ಫೋಟಕ ಇಟ್ಟು ಹಾರಿಸಿದರು. ಇನ್ನೂ 300 ಗಜ ಹೋದರೆ ಇನ್ನೊಂದು. ಆಮೇಲೆ ಒಡೆದ ಮೋರಿ. ಕತ್ತಲಾಗುವ ಹೊತ್ತಿಗೆ ಐದು ದೊಡ್ಡ ಮರ, ಸುತ್ತ ಮೈನ್, ಮೇಲಿನಿಂದ ಮೆಷಿನ್ ಗನ್. ರಾಣೆ ಮೈನ್ ತೆಗೆಯಲು ಕೈ ಹಾಕಿದ್ದರು, ಕಮಾಂಡರ್ ಅವರೇ ಟ್ಯಾಂಕ್‌ಗಳನ್ನು ಹಿಂದಕ್ಕೆ ಕರೆಸಿದರು. 10ರ ನಸುಕಿನ 4:45ಕ್ಕೆ ಮತ್ತೆ ಅದೇ ಜಾಗ. ಬೆಳಗ್ಗೆ 6:30ಕ್ಕೆ ದಾರಿ ತೆರೆಯಿತು. ಮಧ್ಯಾಹ್ನ 2ಕ್ಕೆ ಟ್ಯಾಂಕ್‌ಗಳು ಮುಂದಿನ ಊರು ಚಿಂಗಸ್ ತಲುಪಿದವು. ಉಳಿದ ವಾಹನ ಬರಬೇಕಲ್ಲ, ಅದಕ್ಕೆ ರಾಣೆ ರಾತ್ರಿ 9ರ ತನಕ ರಸ್ತೆ ಸರಿ ಮಾಡುತ್ತಲೇ ಇದ್ದರು. 11ರಂದು ಬೆಳಗ್ಗೆ 6ರಿಂದ ರಾತ್ರಿ 10ರ ತನಕ ಮತ್ತೆ ಅದೇ. 12ರಂದು ಸೇನೆ ರಜೌರಿಯಲ್ಲಿತ್ತು.

ಈ ಗಂಟೆ, ನಿಮಿಷ ಎಲ್ಲಾ ನಾನು ಸೇರಿಸಿದ್ದಲ್ಲ. ಅವರ ಪ್ರಶಸ್ತಿ ಪತ್ರದಲ್ಲೇ ಹೀಗಿದೆ. ಓದಿದರೆ ಯಾವುದೋ ರಸ್ತೆ ಕಾಮಗಾರಿಯ ದಿನಚರಿ ಓದಿದ ಹಾಗೆ ಇರುತ್ತದೆ. ರಾಣೆ ಗುಂಡು ಹಾರಿಸಿ ಇಂತಿಷ್ಟು ಜನರನ್ನು ಕೊಂದರು ಅನ್ನುವ ಸಾಲು ಅದರಲ್ಲಿಲ್ಲ. ನನಗಂತೂ 21 ಪತ್ರಗಳಲ್ಲಿ ಇದೇ ಹೆಚ್ಚು ಇಷ್ಟ. ಶೌರ್ಯ ಅಂದ ಕೂಡಲೇ ಕೈಯಲ್ಲಿ ಬಂದೂಕು, ಬಾಯಲ್ಲಿ ಘೋಷಣೆ ಅಂತ ನಾವು ಚಿತ್ರ ಬರೆದುಕೊಂಡುಬಿಟ್ಟಿದ್ದೇವೆ. ಇಲ್ಲಿ ಒಬ್ಬ ಮನುಷ್ಯ ಗಾಯ ಕಟ್ಟಿಕೊಂಡು ನಾಲ್ಕು ದಿನ ಮಣ್ಣು ಕೆದಕಿದ್ದಾನೆ. ಮೈನ್ ತೆಗೆಯುವವನಿಗೆ ಅವಸರ ಮಾಡುವ ಹಾಗಿಲ್ಲ. ತಲೆ ಮೇಲೆ ಗುಂಡು ಹಾರುವಾಗ ನಿಧಾನ ಮಾಡುವ ಹಾಗೂ ಇಲ್ಲ. ರಾಣೆ 1968ರಲ್ಲಿ ಮೇಜರ್ ಆಗಿ ನಿವೃತ್ತರಾದರು. ತೀರಿಕೊಂಡದ್ದು 1994ರಲ್ಲಿ, ಪುಣೆಯಲ್ಲಿ.

ಈಗ ಶುರುವಾತಿನ ಕಥೆ. ಪರಮವೀರ, ಮಹಾವೀರ, ವೀರ ಚಕ್ರಗಳನ್ನು ಸ್ಥಾಪಿಸಿದ್ದು 1950ರ ಜನವರಿ 26ರಂದು, ಅಂದರೆ ನಾವು ಗಣರಾಜ್ಯವಾದ ದಿನವೇ. ಆದರೆ 1947ರ ಆಗಸ್ಟ್ 15ರಿಂದಲೇ ಅನ್ವಯ ಅಂತ ಬರೆದರು. ಕಾರಣ ಸರಳ. ಕಾಶ್ಮೀರದ ಯುದ್ಧ ಅಷ್ಟರಲ್ಲಿ ನಡೆದು ಮುಗಿದಿತ್ತು. ಗಣರಾಜ್ಯ ಆಗುವ ತನಕ ಕಾಗದದ ಮೇಲೆ ನಮಗೆ ಬ್ರಿಟನ್ನಿನ ದೊರೆಯೇ ದೊರೆ. ಅವನ ಹೆಸರಿನ ಪದಕ ಬೇಡ, ನಮ್ಮದು ಇನ್ನೂ ಹುಟ್ಟಿಲ್ಲ. ಹೀಗಾಗಿ ಪರಮವೀರ ಚಕ್ರದ ಪಟ್ಟಿಯಲ್ಲಿ ಮೊದಲ ಹೆಸರಾದ ಮೇಜರ್ ಸೋಮನಾಥ ಶರ್ಮಾ ತೀರಿಕೊಂಡಾಗ ಆ ಪದಕದ ಹೆಸರೇ ಇರಲಿಲ್ಲ. ಅವರು ಸತ್ತದ್ದು 1947ರ ನವೆಂಬರ್ 3ರಂದು, ಪ್ರಶಸ್ತಿ ಪ್ರಕಟವಾದದ್ದು 1950ರಲ್ಲಿ.

ಅದಕ್ಕೂ ಮೊದಲು ಇದ್ದದ್ದು ವಿಕ್ಟೋರಿಯಾ ಕ್ರಾಸ್. 1856ರಲ್ಲಿ ಶುರುವಾದ ಈ ಪದಕ ಭಾರತೀಯ ಸಿಪಾಯಿಗಳಿಗೆ ಸಿಗಬಹುದು ಅಂತ ಆದದ್ದು 1911ರಲ್ಲಿ. ಅಲ್ಲಿ ತನಕ ನಮ್ಮವರಿಗೆ ಬೇರೆಯದೇ ಪದಕ. ಒಂದೇ ಕಂದಕ, ಒಂದೇ ಗುಂಡು, ಪದಕ ಮಾತ್ರ ಬಣ್ಣ ನೋಡಿ! 1914ರಲ್ಲಿ ಬೆಲ್ಜಿಯಂನಲ್ಲಿ ಹೋರಾಡಿದ ಸಿಪಾಯಿ ಖುದಾದಾದ್ ಖಾನ್ ಅದನ್ನು ಪಡೆದ ಮೊದಲ ಭಾರತೀಯ ಸೈನಿಕ.

ಹಾಗಂತ ಶೌರ್ಯಕ್ಕೆ ಬಹುಮಾನ ಕೊಡುವುದನ್ನು ನಮಗೆ ಬ್ರಿಟಿಷರು ಕಲಿಸಲಿಲ್ಲ. ಮದ್ದೂರು ತಾಲೂಕಿನ ಆತಕೂರಿನ ವೀರಗಲ್ಲಿನ ಬಗ್ಗೆ ಮಗನಿಗೆ ಹೇಳಿ, ಖುಷಿಪಡುತ್ತಾನೆ. ಸುಮಾರು ಕ್ರಿ.ಶ. 950ರ ಕಲ್ಲು ಅದು. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಮಣಲೇರ ಅನ್ನುವ ವೀರ ಚೆನ್ನಾಗಿ ಹೋರಾಡಿದ. ಗಂಗ ದೊರೆ ಬೂತುಗ ಮೆಚ್ಚಿ, ಏನು ಬೇಕೋ ಕೇಳು ಅಂದ. ಊರು ಕೇಳಬಹುದಿತ್ತು, ಹೊನ್ನು ಕೇಳಬಹುದಿತ್ತು. ಮಣಲೇರ ಕೇಳಿದ್ದು ದೊರೆಯ ಬೇಟೆನಾಯಿ ಕಾಳಿಯನ್ನು! ಆ ನಾಯಿ ಮುಂದೆ ಕಾಡುಹಂದಿಯ ಜೊತೆ ಹೋರಾಡಿ ಸತ್ತಾಗ ಅದಕ್ಕೂ ಕಲ್ಲು ನೆಡಿಸಿದ. ಸರಿ, ವಿಷಯಕ್ಕೆ ಬರೋಣ.

ಪದಕದ ವಿನ್ಯಾಸ ಮಾಡಿದವರು ಸಾವಿತ್ರಿ ಖಾನೋಲ್ಕರ್. ಹುಟ್ಟಿದ್ದು 1913ರಲ್ಲಿ, ಸ್ವಿಟ್ಜರ್ಲೆಂಡ್‌ನಲ್ಲಿ. ತಂದೆ ಹಂಗೇರಿಯವರು, ತಾಯಿ ರಷ್ಯಾದವರು. ಹುಟ್ಟು ಹೆಸರು ಈವ್. ಭಾರತೀಯ ಸೇನೆಯ ಅಧಿಕಾರಿ ವಿಕ್ರಮ್ ಖಾನೋಲ್ಕರ್ ಅವರನ್ನು ಪ್ರೀತಿಸಿ, 1932ರಲ್ಲಿ ಮದುವೆಯಾಗಿ ಇಲ್ಲೇ ಉಳಿದರು. ಮರಾಠಿ, ಹಿಂದಿ, ಸಂಸ್ಕೃತ ಕಲಿತರು. ಪುರಾಣಗಳನ್ನು ನಮ್ಮಲ್ಲಿ ಹುಟ್ಟಿದವರಿಗಿಂತ ಜಾಸ್ತಿ ಓದಿಕೊಂಡಿದ್ದರು. ಹೊಸ ಪದಕಗಳ ಹೊಣೆ ಹೊತ್ತಿದ್ದ ಮೇಜರ್ ಜನರಲ್ ಹೀರಾ ಲಾಲ್ ಅಟಲ್ ಈ ಕೆಲಸವನ್ನು ಅವರಿಗೆ ವಹಿಸಿದರು.

ಸಾವಿತ್ರಿಯವರು ಆರಿಸಿದ್ದು ಇಂದ್ರನ ವಜ್ರಾಯುಧ. ವೃತ್ರನನ್ನು ಕೊಲ್ಲಲು ಬೇರೆ ಯಾವ ಆಯುಧಕ್ಕೂ ಆಗದಿದ್ದಾಗ ದಧೀಚಿ ಋಷಿ ತನ್ನ ದೇಹ ಬಿಟ್ಟು ಬೆನ್ನೆಲುಬು ಕೊಟ್ಟ, ಅದರಿಂದ ವಜ್ರಾಯುಧ ಆಯಿತು. ಆ ಕಥೆ ನಿಮಗೆ ಗೊತ್ತೇ ಇರುತ್ತದೆ. ಪದಕ ಕೈಗೆ ಬಂದರೆ ಹೀಗಿರುತ್ತದೆ: ಕಂಚಿನ ದುಂಡು ಬಿಲ್ಲೆ. ಅಡ್ಡಳತೆ ಸುಮಾರು 35 ಮಿಲಿಮೀಟರ್. ಮಧ್ಯದಲ್ಲಿ ರಾಷ್ಟ್ರಲಾಂಛನ, ಸುತ್ತ ನಾಲ್ಕು ವಜ್ರಾಯುಧ. ಹಿಂಬದಿಯಲ್ಲಿ ಹಿಂದಿ ಮತ್ತು ಇಂಗ್ಲಿಷ್‌ನಲ್ಲಿ ಹೆಸರು, ನಡುವೆ ಎರಡು ತಾವರೆ. ಮೇಲೆ ನೇರಳೆ ಬಣ್ಣದ ಸಾದಾ ರಿಬ್ಬನ್. ಗೆರೆ ಇಲ್ಲ, ಅಂಚು ಇಲ್ಲ. ತಮಾಷೆ ನೋಡಿ, ಇದರ ಕೆಳಗಿನ ಮಹಾವೀರ ಚಕ್ರ, ವೀರ ಚಕ್ರ ಎರಡೂ ಬೆಳ್ಳಿಯವು. ಎಲ್ಲಕ್ಕಿಂತ ದೊಡ್ಡದು ಮಾತ್ರ ಕಂಚಿನದು. ಒಬ್ಬರಿಗೇ ಎರಡನೇ ಸಲ ಸಿಕ್ಕಿದರೆ ಬೇರೆ ಪದಕ ಕೊಡುವುದಿಲ್ಲ, ಅದೇ ರಿಬ್ಬನ್ ಮೇಲೆ ಒಂದು ಪಟ್ಟಿ ಸೇರಿಸುತ್ತಾರೆ. ಅಂಥ ಸಂದರ್ಭ ಈ ತನಕ ಬಂದಿಲ್ಲ.

ವಿಧಿಯ ಆಟ ಅನ್ನುತ್ತಾರಲ್ಲ, ಅಂಥದ್ದೊಂದು ಇಲ್ಲಿದೆ. ಸಾವಿತ್ರಿಯವರ ಮಗಳು ಕುಮುದಿನಿ ಸೇರಿದ್ದು ಸೋಮನಾಥ ಶರ್ಮಾ ಅವರ ಮನೆಯನ್ನು. ಆಕೆಯ ಗಂಡ ಸೋಮನಾಥರ ತಮ್ಮ. ತಾಯಿ ಬರೆದ ಪದಕದ ಮೊದಲ ಹೆಸರು ಮಗಳ ಭಾವನದು!

ಸೋಮನಾಥರ ಬಗ್ಗೆ ಒಂದು ಮಾತು ಹೇಳಲೇಬೇಕು. ಶ್ರೀನಗರದ ವಿಮಾನ ನಿಲ್ದಾಣ ಉಳಿಸಿಕೊಳ್ಳಲು ಬಡ್ಗಾಮ್‌ನಲ್ಲಿ ಅವರ ಕಂಪನಿ, ಅಂದರೆ ಸೈನಿಕರ ತುಕಡಿ, ನಿಂತಿತ್ತು. ಹಾಕಿ ಆಡುವಾಗ ಪೆಟ್ಟಾಗಿ ಎಡಗೈಗೆ ಪ್ಲಾಸ್ಟರ್ ಇತ್ತು. ಆಸ್ಪತ್ರೆಯಲ್ಲಿ ಇರು ಅಂದರೂ ಕೇಳದೆ ಬಂದಿದ್ದರು. ಎದುರಿಗೆ ಅವರಿಗಿಂತ ಎಷ್ಟೋ ಪಟ್ಟು ಜನ. ಶತ್ರು 50 ಗಜ ದೂರದಲ್ಲಿದ್ದಾನೆ, ಒಂದಿಂಚೂ ಹಿಂದೆ ಸರಿಯುವುದಿಲ್ಲ, ಕೊನೆಯ ಮನುಷ್ಯ ಕೊನೆಯ ಗುಂಡಿನ ತನಕ ಹೋರಾಡುತ್ತೇನೆ ಅಂತ ವೈರ್‌ಲೆಸ್‌ನಲ್ಲಿ ಹೇಳಿದರು. ಈ ಮಾತನ್ನು ಎಲ್ಲರೂ ಹೇಳುತ್ತಾರೆ. ಆ ಹೊತ್ತಿನಲ್ಲಿ ಅವರು ಮಾಡುತ್ತಿದ್ದ ಕೆಲಸವನ್ನು ಹೇಳುವವರು ಕಡಿಮೆ. ಜನ ಸತ್ತು ಸತ್ತು ಮೆಷಿನ್ ಗನ್‌ಗಳಿಗೆ ಮ್ಯಾಗಜಿನ್ ತುಂಬಿಕೊಡುವವರೇ ಇರಲಿಲ್ಲ. ಒಂದು ಕೈ ಪ್ಲಾಸ್ಟರ್‌ನಲ್ಲಿದ್ದ ಮೇಜರ್ ಸಾಹೇಬರು ತಾವೇ ಗುಂಡು ತುಂಬಿ ತುಂಬಿ ಹಂಚುತ್ತಿದ್ದರು. ಆ ಗುಂಡಿನ ರಾಶಿಯ ಮೇಲೇ ಶೆಲ್ ಬಿತ್ತು.

ಅಶೋಕ ಚಕ್ರದ ವ್ಯತ್ಯಾಸ ಕೇಳಿದ್ದೀರಿ. "ಶತ್ರುವಿನ ಎದುರು" ಅಂದೆನಲ್ಲ, ಎಲ್ಲವೂ ಆ ಎರಡು ಪದಗಳ ಮೇಲೆ ನಿಂತಿದೆ. ಶತ್ರುವಿನ ಎದುರಿನ ಶೌರ್ಯಕ್ಕೆ ಪರಮವೀರ. ಅದಲ್ಲದ ಕಡೆ ತೋರಿದ ಅಷ್ಟೇ ದೊಡ್ಡ ಶೌರ್ಯಕ್ಕೆ ಅಶೋಕ ಚಕ್ರ. ಅದು ಶುರುವಾದದ್ದು 1952ರಲ್ಲಿ. ಸಾಮಾನ್ಯ ನಾಗರಿಕರಿಗೂ ಸಿಗುತ್ತದೆ. 1986ರಲ್ಲಿ ಕರಾಚಿಯಲ್ಲಿ ಅಪಹರಣವಾದ ವಿಮಾನದ ಪ್ರಯಾಣಿಕರನ್ನು ಉಳಿಸಿ ಪ್ರಾಣ ಕೊಟ್ಟ ನೀರಜಾ ಭಾನೋಟ್‌ಗೆ ಸಿಕ್ಕಿದ್ದು ಇದೇ. ನಮ್ಮ ಬೆಂಗಳೂರಿನ ಕರ್ನಲ್ ವಸಂತ್ ವೇಣುಗೋಪಾಲ್ 2007ರಲ್ಲಿ ಕಾಶ್ಮೀರದ ಉರಿ ಅನ್ನುವ ಊರಿನ ಹತ್ತಿರ ಉಗ್ರರ ಜೊತೆ ಹೋರಾಡಿ ಸತ್ತರು. ಬೆಂಗಳೂರಿನಲ್ಲೇ ಬೆಳೆದ ಮೇಜರ್ ಸಂದೀಪ್ ಉನ್ನಿಕೃಷ್ಣನ್ 2008ರಲ್ಲಿ ಮುಂಬೈನ ತಾಜ್ ಹೋಟೆಲ್‌ನಲ್ಲಿ ಸತ್ತರು. ಇಬ್ಬರಿಗೂ ಅಶೋಕ ಚಕ್ರ.

ಶತ್ರು ಅಂದರೆ ಯಾರು ಅಂತ ಮಗ ಕೇಳಿಯೇ ಕೇಳುತ್ತಾನೆ. ಯುದ್ಧ ಘೋಷಣೆ ಆಗಿರಲೇಬೇಕು ಅಂತಿಲ್ಲ. ಕ್ಯಾಪ್ಟನ್ ಗುರ್ಬಚನ್ ಸಿಂಗ್ ಸಲಾರಿಯಾಗೆ ಸಿಕ್ಕಿದ್ದು ಆಫ್ರಿಕಾದ ಕಾಂಗೋದಲ್ಲಿ, 1961ರಲ್ಲಿ. ವಿಶ್ವಸಂಸ್ಥೆಯ ಶಾಂತಿಪಡೆಯಲ್ಲಿ ಹೋಗಿದ್ದರು. (ಅವರು ಸ್ವಲ್ಪ ಕಾಲ ಓದಿದ್ದು ಬೆಂಗಳೂರಿನ ಮಿಲಿಟರಿ ಶಾಲೆಯಲ್ಲಿ.) ಮೇಜರ್ ರಾಮಸ್ವಾಮಿ ಪರಮೇಶ್ವರನ್‌ಗೆ ಶ್ರೀಲಂಕಾದಲ್ಲಿ, 1987ರಲ್ಲಿ. ಅದೇ ವರ್ಷ ನಾಯಬ್ ಸುಬೇದಾರ್ ಬಾನಾ ಸಿಂಗ್‌ಗೆ ಸಿಯಾಚಿನ್‌ನಲ್ಲಿ, 21,000 ಅಡಿ ಎತ್ತರದಲ್ಲಿ. ಈ ಮೂರರಲ್ಲಿ ಯಾವುದೂ ಘೋಷಿತ ಯುದ್ಧವಲ್ಲ. ಹಾಗಾದರೆ ಕಾಶ್ಮೀರದ ಒಳಗೆ ಉಗ್ರರ ಎದುರು ಸತ್ತವರಿಗೆ ಮಾತ್ರ ಯಾಕೆ ಅಶೋಕ ಚಕ್ರ? ಗುಂಡು ಎರಡೂ ಕಡೆ ಒಂದೇ ಅಲ್ವಾ? ನನ್ನ ಪ್ರಕಾರ ಈ ಗೆರೆ ಎಳೆಯುವುದು ಧೈರ್ಯದ ಅಳತೆಯಿಂದಲ್ಲ. ಅಲ್ಲಿ ನಡೆಯುತ್ತಿರುವುದನ್ನು ಸರ್ಕಾರ ಏನಂತ ಕರೆಯುತ್ತದೆ ಅನ್ನುವುದರಿಂದ. ಆದ್ದರಿಂದ ಅಶೋಕ ಚಕ್ರವನ್ನು ಎರಡನೇ ದರ್ಜೆ ಅಂತ ಮಗ ಅಂದುಕೊಳ್ಳುವುದು ಬೇಡ.

ಪರಮವೀರ ಪಡೆದ 21 ಜನರಲ್ಲಿ 20 ಮಂದಿ ಭೂಸೇನೆಯವರು. ವಾಯುಸೇನೆಯವರು ಒಬ್ಬರೇ, 1971ರಲ್ಲಿ ಶ್ರೀನಗರದ ಮೇಲೆ ಹೋರಾಡಿದ ಫ್ಲೈಯಿಂಗ್ ಆಫೀಸರ್ ನಿರ್ಮಲ್‌ಜಿತ್ ಸಿಂಗ್ ಸೆಖೋನ್. ನೌಕಾಸೇನೆಯವರು ಇಲ್ಲ. ಮಹಿಳೆಯರಿಗೂ ನಿಯಮದಲ್ಲಿ ಅವಕಾಶ ಇದೆ, ಇನ್ನೂ ಯಾರಿಗೂ ಸಿಕ್ಕಿಲ್ಲ. ದರ್ಜೆ ನೋಡಿದರೆ 12 ಅಧಿಕಾರಿಗಳು, 9 ಮಂದಿ ಜವಾನರು ಮತ್ತು ಸುಬೇದಾರ್ ಮಟ್ಟದವರು. ಎಲ್ಲರಿಗಿಂತ ಮೇಲಿನ ದರ್ಜೆ ಲೆಫ್ಟಿನೆಂಟ್ ಕರ್ನಲ್, 1965ರ ಟ್ಯಾಂಕ್ ಯುದ್ಧದ ಆರ್ದೇಶೀರ್ ತಾರಾಪೋರ್. ಜನರಲ್ ಯಾರೂ ಇಲ್ಲ. ಇರುವುದೂ ಕಷ್ಟ, ಜನರಲ್ 50 ಗಜದಲ್ಲಿ ಶತ್ರುವನ್ನು ನೋಡುವ ಸ್ಥಿತಿ ಬಂದಿದ್ದರೆ ಯುದ್ಧ ಬಹಳ ಕೆಟ್ಟದಾಗಿ ನಡೆಯುತ್ತಿದೆ ಅಂತ ಅರ್ಥ. 1999ರ ಕಾರ್ಗಿಲ್‌ನಲ್ಲಿ ನಾಲ್ವರಿಗೆ ಸಿಕ್ಕಿತು. ಅದಾದ ಮೇಲೆ ಯಾರಿಗೂ ಇಲ್ಲ. 2020ರಲ್ಲಿ ಗಲ್ವಾನ್‌ನಲ್ಲಿ ಚೀನೀ ಸೈನಿಕರ ಎದುರು ಮಡಿದ ಕರ್ನಲ್ ಸಂತೋಷ್ ಬಾಬು ಅವರಿಗೆ ಕೊಟ್ಟಿದ್ದು ಮಹಾವೀರ ಚಕ್ರ.

ಇನ್ನು ಯಾರು ನಿರ್ಧರಿಸುತ್ತಾರೆ ಅನ್ನುವುದು. ನನಗೆ ಅತಿ ಮುಖ್ಯ ಅನ್ನಿಸುವುದು ಇದೇ. ಬೆಟಾಲಿಯನ್‌ನ ಕಮಾಂಡಿಂಗ್ ಅಧಿಕಾರಿ ಶಿಫಾರಸು ಬರೆಯುತ್ತಾರೆ. ಅದು ಬ್ರಿಗೇಡ್, ಡಿವಿಜನ್, ಕೋರ್, ಕಮಾಂಡ್ ಅಂತ ಮೆಟ್ಟಿಲು ಹತ್ತಿ ದೆಹಲಿಗೆ ಹೋಗುತ್ತದೆ. ಅಲ್ಲಿ ರಕ್ಷಣಾ ಸಚಿವಾಲಯದ ಸಮಿತಿ ನೋಡುತ್ತದೆ, ಮೂರೂ ಸೇನೆಗಳ ಮುಖ್ಯಸ್ಥರು ಅದರಲ್ಲಿರುತ್ತಾರೆ. ಆಮೇಲೆ ರಕ್ಷಣಾ ಸಚಿವರು, ಪ್ರಧಾನಿ, ಕೊನೆಗೆ ರಾಷ್ಟ್ರಪತಿಗಳ ಸಹಿ. ಪ್ರತಿ ಮೆಟ್ಟಿಲಲ್ಲೂ ಯಾರಾದರೂ "ಇದು ಪರಮವೀರ ಅಲ್ಲ, ಮಹಾವೀರ ಸಾಕು" ಅನ್ನಬಹುದು. ಇದಕ್ಕೆಲ್ಲ ತಳಪಾಯ ಒಂದೇ: ಕಣ್ಣಾರೆ ಕಂಡವರ ಮಾತು. ಅವನು ಹೀಗೆ ಮಾಡಿದ, ನಾನು ನೋಡಿದೆ ಅಂತ ಯಾರಾದರೂ ಹೇಳಬೇಕು. ಹೇಳುವವರೇ ಉಳಿಯದಿದ್ದರೆ?

ಚೀನಾ ಯುದ್ಧದ ಹೊತ್ತಿನಲ್ಲಿ, 1962ರ ನವೆಂಬರ್ 18ರಂದು ಲಡಾಖ್‌ನ ರೆಜಾಂಗ್ ಲಾದಲ್ಲಿ ಆದದ್ದು ಅದೇ. ಕುಮಾವೂನ್ ರೆಜಿಮೆಂಟಿನ 13ನೇ ಬೆಟಾಲಿಯನ್‌ನ ಒಂದು ಕಂಪನಿ, 16,000 ಅಡಿ ಮೇಲೆ, ಮೈ ಕೊರೆಯುವ ಚಳಿ. ನೂರಕ್ಕೂ ಹೆಚ್ಚು ಮಂದಿ ಸತ್ತರು. ಬದುಕಿ ಬಂದ ಕೆಲವರು ಹೇಳಿದ್ದನ್ನು ಮೊದಲು ನಂಬಿದವರು ಕಡಿಮೆ. ಕೊನೆಯ ಗುಂಡಿನ ತನಕ ಎಲ್ಲರೂ ಹೋರಾಡಿದರಂತೆ, ಯಾರೂ ಓಡಲಿಲ್ಲವಂತೆ ಅಂದರೆ ಯಾರು ನಂಬುತ್ತಾರೆ? 1963ರ ಆರಂಭದಲ್ಲಿ ಕುರಿ ಕಾಯುವವರೊಬ್ಬರು ಅತ್ತ ಹೋದರು. ಶವಗಳು ಕಂದಕದಲ್ಲಿ ಹಾಗೇ ಹೆಪ್ಪುಗಟ್ಟಿದ್ದವು, ಕೈಯಲ್ಲಿ ಆಯುಧ ಹಿಡಿದಂತೆಯೇ. ಸಾಕ್ಷಿ ಹೇಳಿದ್ದು ಹಿಮ. ಕಂಪನಿ ಕಮಾಂಡರ್ ಮೇಜರ್ ಶೈತಾನ್ ಸಿಂಗ್ ಅವರಿಗೆ ಪರಮವೀರ ಚಕ್ರ ಸಿಕ್ಕಿತು.

ಉಲ್ಟಾ ತಪ್ಪುಗಳೂ ಆಗಿವೆ. ಅದೇ 1962ರಲ್ಲಿ ಮೇಜರ್ ಧನ್ ಸಿಂಗ್ ಥಾಪಾ ಸತ್ತರು ಅಂದುಕೊಂಡು ಮರಣೋತ್ತರ ಅಂತ ಪ್ರಕಟಿಸಿದರು. ಅವರು ಚೀನಾದಲ್ಲಿ ಸೆರೆಯಾಗಿ ಜೀವಂತ ಇದ್ದರು, ಯುದ್ಧ ಮುಗಿದ ಮೇಲೆ ಮನೆಗೆ ಬಂದರು. 1999ರಲ್ಲಿ ಟೈಗರ್ ಹಿಲ್ ಹತ್ತಿದ ಗ್ರೆನೇಡಿಯರ್ ಯೋಗೇಂದ್ರ ಸಿಂಗ್ ಯಾದವ್ ಕಥೆ ಇನ್ನೂ ವಿಚಿತ್ರ. ಆಗ 19 ವರ್ಷ, ನಿಮ್ಮ ಮಗನಿಗಿಂತ ಒಂದೆರಡು ವರ್ಷ ದೊಡ್ಡವರು ಅಷ್ಟೇ. ಮೈಯೆಲ್ಲಾ ಗುಂಡಿನ ಗಾಯ. ಆಸ್ಪತ್ರೆಯಲ್ಲಿ ಮಲಗಿದ್ದಾಗ ಪರಮವೀರ ಚಕ್ರ ಘೋಷಣೆಯಾಯಿತು, ಅದೂ ಮರಣೋತ್ತರ ಅಂತ! ಅದೇ ಹೆಸರಿನ ಇನ್ನೊಬ್ಬ ಯೋಧ ಅದೇ ಬೆಟಾಲಿಯನ್‌ನಲ್ಲಿದ್ದರು, ತೀರಿಕೊಂಡವರು ಅವರು. ಆಮೇಲೆ ಸರಿ ಮಾಡಿದರು.

ಟೈಗರ್ ಹಿಲ್‌ನಲ್ಲೇ ನಡೆದ ಇನ್ನೊಂದು ಸಂಗತಿ. ಅಲ್ಲಿ ಪಾಕಿಸ್ತಾನದ ಕಡೆಯಿಂದ ಕ್ಯಾಪ್ಟನ್ ಕರ್ನಲ್ ಶೇರ್ ಖಾನ್ ಅನ್ನುವವರು ಜೋರಾಗಿ ಹೋರಾಡಿ ಸತ್ತರು. ಕರ್ನಲ್ ಅನ್ನುವುದು ಅವರ ಹೆಸರೇ, ದರ್ಜೆಯಲ್ಲ. ಅವರ ಕಡೆ ಸಾಕ್ಷಿ ಹೇಳುವವರಿರಲಿಲ್ಲ. ಶವ ವಾಪಸ್ ಕಳಿಸುವಾಗ ನಮ್ಮ ಬ್ರಿಗೇಡಿಯರ್ ಎಂ.ಪಿ.ಎಸ್. ಬಾಜ್ವಾ ಒಂದು ಚೀಟಿ ಬರೆದು ಜೇಬಿನಲ್ಲಿ ಇಟ್ಟರು. ಈತ ಬಹಳ ಧೈರ್ಯದಿಂದ ಹೋರಾಡಿದ್ದಾನೆ, ಸಲ್ಲಬೇಕಾದ ಗೌರವ ಸಲ್ಲಲಿ ಅಂತ. ಪಾಕಿಸ್ತಾನ ತನ್ನ ಅತಿ ದೊಡ್ಡ ಪದಕ ನಿಶಾನ್-ಎ-ಹೈದರ್ ಅನ್ನು ಅವರಿಗೆ ಕೊಟ್ಟಿತು.

ನಮ್ಮ ಕೊಡಗಿನ ಅಜ್ಜಮಾಡ ದೇವಯ್ಯ ಅವರ ವಿಷಯದಲ್ಲೂ ಹೀಗೇ ಆಯಿತು, ಆದರೆ 23 ವರ್ಷ ತಡವಾಗಿ. ಇದು ಪರಮವೀರ ಅಲ್ಲ, ಮಹಾವೀರ ಚಕ್ರದ ಕಥೆ. ಆದರೂ ಕೇಳಿ. 1965ರ ಸೆಪ್ಟೆಂಬರ್ 7ರಂದು ನಮ್ಮ ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೋದವು. ಸ್ಕ್ವಾಡ್ರನ್ ಲೀಡರ್ ದೇವಯ್ಯ ಆ ದಿನ ಹೆಚ್ಚುವರಿ ಪೈಲಟ್. ವಾಪಸ್ ಬರುವಾಗ ಸ್ಟಾರ್‌ಫೈಟರ್ ಒಂದು ಬೆನ್ನು ಹತ್ತಿತು. ಶಬ್ದಕ್ಕಿಂತ ಎರಡು ಪಟ್ಟು ವೇಗದ ವಿಮಾನ ಅದು. ಅದರ ಮುಂದೆ ಮಿಸ್ಟೇರ್ ಎತ್ತಿನಗಾಡಿ. ತಪ್ಪಿಸಿಕೊಂಡು ಹೋಗುವುದು ಬಿಟ್ಟು ದೇವಯ್ಯ ತಿರುಗಿ ನಿಂತರು. ಏಟು ತಿಂದ ವಿಮಾನದಲ್ಲೇ ಹೋರಾಡಿ ಸ್ಟಾರ್‌ಫೈಟರ್ ಅನ್ನು ಕೆಡವಿದರು. ತಾವೂ ಉಳಿಯಲಿಲ್ಲ. ಜೊತೆಯವರು ಮುಂದೆ ಹೋಗಿಬಿಟ್ಟಿದ್ದರು, ಯಾರೂ ನೋಡಿರಲಿಲ್ಲ. ನಮ್ಮ ದಾಖಲೆಯಲ್ಲಿ ಅವರು ಸುಮ್ನೆ "ಕಾಣೆ". ಪಾಕಿಸ್ತಾನದ ವಾಯುಸೇನೆಯ ಬಗ್ಗೆ ಬ್ರಿಟಿಷ್ ಲೇಖಕರೊಬ್ಬರು ಬರೆದ ಪುಸ್ತಕ 1979ರಲ್ಲಿ ಬಂದಾಗಲೇ ಆ ದಿನ ಏನಾಯಿತು ಅಂತ ನಮಗೆ ಗೊತ್ತಾದದ್ದು. ಆಮೇಲೂ ಅವರ ಜೊತೆಗಾರರು ಬೆನ್ನು ಬಿಡದೆ ಓಡಾಡಿದ್ದರಿಂದ 1988ರಲ್ಲಿ ಮಹಾವೀರ ಚಕ್ರ ಬಂತು. ಪತ್ನಿ ಸ್ವೀಕರಿಸಿದರು.

ಆದ್ದರಿಂದ ಬರೀ 21 ಜನರಷ್ಟೇ ಅಂಥ ಧೈರ್ಯ ತೋರಿದ್ದಾರೆ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಯಾರೋ ನೋಡಿ, ಯಾರೋ ಬರೆದು, ಎಲ್ಲಾ ಮೆಟ್ಟಿಲಲ್ಲೂ ನಿಂತು ಉಳಿದದ್ದು 21.

ಹಣದ ವಿಷಯ ಚಿಕ್ಕದು. ಪರಮವೀರ ಪಡೆದವರಿಗೆ ಕೇಂದ್ರ ಸರ್ಕಾರ ತಿಂಗಳಿಗೆ ಭತ್ಯೆ ಕೊಡುತ್ತದೆ. ಮೊದಲು 10,000 ರೂಪಾಯಿ ಇತ್ತು, 2017ರಲ್ಲಿ 20,000ಕ್ಕೆ ಏರಿಸಿದರು. ರಾಜ್ಯ ಸರ್ಕಾರಗಳು ಕೊಡುವುದು ಬೇರೆ, ಅದು ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ. ಗೌರವದ ಸಾಲಿನಲ್ಲಿ ಭಾರತರತ್ನ ಬಿಟ್ಟರೆ ಇದೇ ಮೇಲಿನದು. ಗಣರಾಜ್ಯೋತ್ಸವದ ದಿನ ಟಿವಿ ನೋಡಿ. ಪರೇಡ್‌ನ ಕಮಾಂಡರ್ ಹಿಂದೆಯೇ ಜೀಪಿನಲ್ಲಿ ಬರುವವರು ಇವರು. ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿ 21 ಮಂದಿಯ ಪ್ರತಿಮೆಗಳಿವೆ. 2023ರಲ್ಲಿ ಅಂಡಮಾನ್‌ನ 21 ದ್ವೀಪಗಳಿಗೆ ಇವರ ಹೆಸರಿಟ್ಟರು. ಹಾಗಾಗಿ ಈಗ ಸಮುದ್ರದ ನಡುವೆ ಒಂದು ರಾಣೆ ದ್ವೀಪ ಕೂಡ ಇದೆ.

ಅಷ್ಟು ದೂರ ಹೋಗುವುದು ಬೇಡ. ಮಗನ ಪರೀಕ್ಷೆ ಮುಗಿದ ಮೇಲೆ ಒಂದು ದಿನ ಕಾರವಾರಕ್ಕೆ ಹೋಗಿ ಬನ್ನಿ. ಕಡಲತೀರದಲ್ಲಿ ಚಪಲ್ ಅನ್ನುವ ಹಳೆಯ ಯುದ್ಧನೌಕೆಯನ್ನು ಸಂಗ್ರಹಾಲಯ ಮಾಡಿದ್ದಾರೆ. ಅದರ ಹತ್ತಿರವೇ ರಾಣೆಯವರ ಪ್ರತಿಮೆ. ನಾನು ಹೋದಾಗ ಮಕ್ಕಳೆಲ್ಲ ನೌಕೆಯ ಮುಂದೆ ಫೋಟೋ ತೆಗೆಸಿಕೊಳ್ಳುತ್ತಿದ್ದರು, ಪ್ರತಿಮೆಯ ಕೆಳಗೆ ಬರೆದದ್ದನ್ನು ಓದುತ್ತಿದ್ದವರು ಯಾರೂ ಕಾಣಲಿಲ್ಲ. ದೇವಿಮನೆ ಘಟ್ಟ ಇಳಿದು ಕುಮಟಾ, ಅಂಕೋಲಾ ದಾಟಿ ಹೋಗುತ್ತೀರಲ್ಲ, ಬಸ್ಸಿನಲ್ಲಿ ನಿದ್ದೆ ಮಾಡಬೇಡಿ. ಕಾರವಾರ ಬರುವ ಮುಂಚೆಯೇ ಚೆಂಡಿಯಾ ಸಿಗುತ್ತದೆ.